ಜಾಗ ಅಳೆಯಲು ಬರುವ ದಿನ ಮನೆಯಲ್ಲಿರಿ



ಅಡಿಕೆಯ ಎಲೆಚುಕ್ಕಿ ರೋಗದ ಬಗ್ಗೆ ಬರೆಯಬೇಕೆಂದು ಕೆಲವರು ಕೇಳಿಕೊಂಡಿದ್ದಾರೆ. ಅದನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡಿದ್ದೇನೆ. ಈ ಸಲದ್ದು ಗಿಡದ ವಿಷಯವಲ್ಲ, ಗಿಡ ನಿಂತಿರುವ ನೆಲದ ವಿಷಯ. ರೋಗ ಬಡಿದ ತೋಟವನ್ನು ನಾಲ್ಕೈದು ವರ್ಷ ದುಡಿದು ಮತ್ತೆ ಎಬ್ಬಿಸಬಹುದು. ದಾಖಲೆಯಲ್ಲಿ ತಪ್ಪಾಗಿ ಕುಳಿತ ಗಡಿಯನ್ನೋ ಹೆಸರನ್ನೋ ಎಬ್ಬಿಸಲು ಕೆಲವೊಮ್ಮೆ ಒಂದು ತಲೆಮಾರು ಸಾಲುವುದಿಲ್ಲ.

ಕೇರಳ ಸರಕಾರ 2022ರ ನವೆಂಬರ್ 1ರಂದು ರಾಜ್ಯದಾದ್ಯಂತ ಡಿಜಿಟಲ್ ಮರುಸರ್ವೆಗೆ ಚಾಲನೆ ಕೊಟ್ಟಿತು. ಹೆಸರು 'ಎಂಡೆ ಭೂಮಿ', ಅಂದರೆ ನನ್ನ ಭೂಮಿ. ಇದಕ್ಕೆ ಹಿಂದೆ 1966ರಲ್ಲಿ ಆರಂಭವಾದ ಮರುಸರ್ವೆ ಅರ್ಧ ಶತಮಾನ ಕಳೆದರೂ ರಾಜ್ಯದ 1,666 ಗ್ರಾಮಗಳಲ್ಲಿ ಅರ್ಧವನ್ನು ಸ್ವಲ್ಪ ದಾಟಿತ್ತಷ್ಟೆ. ಸರಪಳಿ ಹಿಡಿದು ಅಳೆಯುವ ಕಾಲದ ವೇಗ ಅದು. ಈಗ ಹಂತ ಹಂತವಾಗಿ ಗ್ರಾಮಗಳನ್ನು ಯಂತ್ರದಿಂದ ಅಳೆದು ನಕ್ಷೆಯನ್ನು ಕಂಪ್ಯೂಟರಿಗೆ ಹಾಕಲಾಗುತ್ತಿದೆ. 2024ರ ಅಕ್ಟೋಬರ್ 22ರಂದು ನೋಂದಣಿ, ಕಂದಾಯ ಮತ್ತು ಸರ್ವೆ ಈ ಮೂರೂ ಇಲಾಖೆಗಳ ಕೆಲಸವನ್ನು ಒಂದೇ ಜಾಲತಾಣಕ್ಕೆ ತರುವ ವ್ಯವಸ್ಥೆಯ ಉದ್ಘಾಟನೆಯಾಯಿತು. ಅದು ಮೊದಲು ಬಂದದ್ದು ತಿರುವನಂತಪುರದ ಸುತ್ತಮುತ್ತ ಎಲ್ಲಿಯೂ ಅಲ್ಲ, ನಮ್ಮ ಮಂಜೇಶ್ವರ ತಾಲೂಕಿನ ಉಜಾರು ಉಳುವಾರು ಗ್ರಾಮಕ್ಕೆ. ಸರಕಾರದ ಸವಲತ್ತುಗಳು ರಾಜ್ಯದ ಬಡಗು ತುದಿಗೆ ಬರುವಷ್ಟರಲ್ಲಿ ಬಳಲಿರುತ್ತವೆ ಎಂದು ನಾವು ದೂರುವುದುಂಟು. ಈ ಒಂದು ವಿಷಯದಲ್ಲಿ ನಾವೇ ಮೊದಲಿಗರು ಎನ್ನಬೇಕು.

ಇದರಿಂದ ರೈತನಿಗೆ ಏನು ಪ್ರಯೋಜನ? ಹಿಂದಿನ ಕ್ರಮವನ್ನು ನೆನಪಿಸಿಕೊಳ್ಳಿ. ಐವತ್ತು ಸೆಂಟ್ಸ್ ಜಾಗ ಮಾರಬೇಕಾದರೆ ದಸ್ತಾವೇಜು ಒಂದು ಆಫೀಸಿನಲ್ಲಿ, ತಂಡಪ್ಪೇರು ಇನ್ನೊಂದರಲ್ಲಿ, ನಕ್ಷೆ ಮತ್ತೊಂದರಲ್ಲಿ. ಮೂರೂ ಒಂದನ್ನೊಂದು ನೋಡುತ್ತಿರಲಿಲ್ಲ. ನೋಂದಣಿ ಆಗಿಬಿಡುತ್ತಿತ್ತು, ಆ ಮೇಲೆ ಪೋಕ್ಕುವರವಿಗೆ ವಿಲ್ಲೇಜ್ ಆಫೀಸಿಗೆ ಹೋದಾಗ ಅಷ್ಟು ಜಾಗ ಆ ಖಾತೆಯಲ್ಲಿ ಇಲ್ಲವೇ ಇಲ್ಲ ಎಂಬ ಉತ್ತರ. ಒಂದೇ ಜಾಗವನ್ನು ಇಬ್ಬರಿಗೆ ಮಾರಿದ ಪ್ರಕರಣಗಳಿಗೂ ಇದೇ ಬಿರುಕು ದಾರಿ ಮಾಡಿಕೊಟ್ಟಿತ್ತು. ಹೊಸ ಕ್ರಮದಲ್ಲಿ ಮಾರುವ ತುಂಡಿನ ನಕ್ಷೆ ನೋಂದಣಿಗೆ ಮೊದಲೇ ತಯಾರಾಗಬೇಕು. ನೋಂದಣಿಯಾದ ಮೇಲೆ ಖಾತೆ ಬದಲಾವಣೆ, ನಕ್ಷೆ ಬದಲಾವಣೆ ಅದರ ಬೆನ್ನಿಗೇ ನಡೆಯಬೇಕು. ಋಣಭಾರ ಪತ್ರ, ಭೂತೆರಿಗೆ, ಲೊಕೇಶನ್ ಸ್ಕೆಚ್ ಎಲ್ಲವೂ ಒಂದೇ ಕಡೆ ಸಿಗುತ್ತವೆ. ಬ್ಯಾಂಕ್ ಸಾಲಕ್ಕೆ ಬೇಕಾದ ಕಾಗದಕ್ಕಾಗಿ ಕೆಲಸ ಬಿಟ್ಟು ಮೂರು ದಿನ ಓಡಾಡಿದವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ.

ಅಳತೆಯ ಯಂತ್ರದ ಬಗೆಗೂ ಎರಡು ಮಾತು. ರಾಜ್ಯದ 28 ಕಡೆ ಸ್ಥಿರ ಕೇಂದ್ರಗಳನ್ನು ಸ್ಥಾಪಿಸಿದ್ದಾರೆ. ಅವು ಉಪಗ್ರಹದ ಸಂಕೇತಗಳನ್ನು ಸದಾ ಪಡೆದು ಅದರಲ್ಲಿರುವ ದೋಷವನ್ನು ಲೆಕ್ಕ ಹಾಕಿ ತಿಳಿಸುತ್ತಿರುತ್ತವೆ. ಸರ್ವೆಯವರು ಕೈಯಲ್ಲಿ ಹಿಡಿದುಬರುವ ಕಂಬದಂಥ ಉಪಕರಣ, ಅದಕ್ಕೆ ರೋವರ್ ಎನ್ನುತ್ತಾರೆ, ಆ ತಿದ್ದುಪಡಿಯನ್ನು ಪಡೆದು ತಾನು ನಿಂತ ಬಿಂದುವನ್ನು ಕೆಲವೇ ಸೆಂಟಿಮೀಟರುಗಳ ವ್ಯತ್ಯಾಸದಲ್ಲಿ ಹೇಳುತ್ತದೆ. ಆದರೆ ಅದಕ್ಕೆ ತೆರೆದ ಆಕಾಶ ಬೇಕು. ನಮ್ಮ ಅಡಿಕೆ ತೋಟಗಳಲ್ಲಿ ಆಕಾಶ ಎಲ್ಲಿದೆ? ಸೋಗೆಯ ಚಪ್ಪರದ ಅಡಿಯಲ್ಲಿ ಸಂಕೇತ ತಪ್ಪುತ್ತದೆ. ಅಂಥಲ್ಲಿ ಟೋಟಲ್ ಸ್ಟೇಷನ್ ಎಂಬ, ಬೆಳಕಿನ ಕಿರಣದಿಂದ ದೂರ ಅಳೆಯುವ ಯಂತ್ರವನ್ನು ಇಡಬೇಕಾಗುತ್ತದೆ. ಅದಕ್ಕೆ ಒಂದು ಮೂಲೆಯಿಂದ ಇನ್ನೊಂದು ಮೂಲೆ ಕಾಣಬೇಕು. ಗಡಿಯ ಉದ್ದಕ್ಕೂ ಪೊದೆ ಕಡಿದಿಟ್ಟುಕೊಳ್ಳಿ, ಮೂಲೆಗಳನ್ನು ಗುರುತಿಸಿಡಿ ಎಂದು ಇಲಾಖೆಯವರು ಹೇಳುವುದು ಸುಮ್ಮನೆ ಅಲ್ಲ.

ಗಡಿಯಾಚೆಯ ಒಂದು ಹಳೆಯ ಅನುಭವ ಇಲ್ಲಿ ನಮಗೆ ಉಪಯೋಗಕ್ಕೆ ಬರುತ್ತದೆ. ನಮ್ಮಲ್ಲಿ ಅನೇಕರ ತವರುಮನೆ, ಅಳಿಯಂದಿರ ಮನೆ ಬಂಟ್ವಾಳ, ಪುತ್ತೂರು ಕಡೆಗಿದೆ. ಅಲ್ಲಿ 2000ದ ಹೊತ್ತಿಗೆ 'ಭೂಮಿ' ಯೋಜನೆ ಬಂತು. ಐ.ಎ.ಎಸ್. ಅಧಿಕಾರಿ ರಾಜೀವ್ ಚಾವ್ಲಾ ಅದರ ಹೊಣೆ ಹೊತ್ತಿದ್ದರು. ಕರ್ನಾಟಕದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಹಾಕಿ, ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಕೊಡತೊಡಗಿದರು. ಶಾನುಭೋಗರ ಕಾಲದಿಂದ ಬಂದ ಕೈಬರಹದ ಪಹಣಿ ಅಲ್ಲಿಗೆ ನಿಂತಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಕ್ರಮದಲ್ಲೇ ತೆಗೆದುಕೊಳ್ಳಬೇಕು, ಹಿಂದೆ ಬಂದವನದ್ದನ್ನು ಮುಂದೆ ಹಾಕಲು ಕಂಪ್ಯೂಟರ್ ಬಿಡುವುದಿಲ್ಲ ಎಂಬ ಏರ್ಪಾಡನ್ನೂ ಮಾಡಿದರು. ಸಣ್ಣ ರೈತನ ಮಟ್ಟಿಗೆ ಅದು ದೊಡ್ಡ ಉಪಕಾರ.

ಆದರೆ 'ಭೂಮಿ' ಬರೆದದ್ದನ್ನು ಕಂಪ್ಯೂಟರಿಗೆ ಹಾಕಿತೇ ಹೊರತು ನೆಲವನ್ನು ಮತ್ತೆ ಅಳೆಯಲಿಲ್ಲ. ಅಣ್ಣತಮ್ಮಂದಿರು ಪಾಲಾಗಿ ಎಷ್ಟೋ ವರ್ಷ ಕಳೆದಿದ್ದರೂ ಪೋಡಿ ಆಗದೆ ಒಂದೇ ಪಹಣಿಯಲ್ಲಿ ಹತ್ತು ಹೆಸರು ಉಳಿದವು. ಕೈಬರಹದಲ್ಲಿದ್ದ ಗೊಂದಲ ಅಚ್ಚುಕಟ್ಟಾದ ಅಕ್ಷರಗಳಲ್ಲಿ ಮುದ್ರಣವಾಗಿ ಬಂತು. ಮುದ್ರಿತ ಕಾಗದಕ್ಕೆ ಒಂದು ಗತ್ತು ಇರುತ್ತದೆ ನೋಡಿ. ಕೈಬರಹದಲ್ಲಿ ತಪ್ಪಿದ್ದರೆ ಆಫೀಸರರೂ ಒಪ್ಪುತ್ತಿದ್ದರು. ಕಂಪ್ಯೂಟರಿನಲ್ಲಿ ಹೀಗೇ ಇದೆ ಎಂದರೆ ಎದುರು ಮಾತಿಲ್ಲ.

ಕೇರಳದವರು ನೆಲವನ್ನೂ ಅಳೆಯುತ್ತಿದ್ದಾರೆ ಎಂಬುದು ಒಂದು ಹೆಜ್ಜೆ ಮುಂದೆ. ಆದರೂ ಕಾಸರಗೋಡಿನ ನೆಲಕ್ಕೆ ಅದರದ್ದೇ ಆದ ಚರಿತ್ರೆ ಇದೆ. 1956ರ ನವೆಂಬರ್ 1ರ ತನಕ ನಾವು ಮದ್ರಾಸು ಪ್ರಾಂತದಿಂದ ಬಂದ ದಕ್ಷಿಣ ಕನ್ನಡದವರು. ವರ್ಗ, ಮೂಲಗೇಣಿ, ಚಾಲಗೇಣಿ, ಕುಮ್ಕಿ ಇವೆಲ್ಲ ಆ ಕಾಲದ ಶಬ್ದಗಳು, ಅಜ್ಜಂದಿರ ಕಾಗದಗಳು ಕನ್ನಡದಲ್ಲಿವೆ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾದಾಗ ಲ್ಯಾಂಡ್ ಟ್ರಿಬ್ಯೂನಲಿನಿಂದ ಪಟ್ಟಯ ಬಂತು. ಅದು ಮಲಯಾಳದಲ್ಲಿ. ಅನಂತರ ಮನೆಯೊಳಗೆ ಬಾಯಿಮಾತಿನಲ್ಲಿ ಪಾಲು ಆಯಿತು: ತೋಡಿನಿಂದ ಆಚೆ ದೊಡ್ಡವನಿಗೆ, ಈಚೆ ಸಣ್ಣವನಿಗೆ, ಬಾವಿ ಇಬ್ಬರಿಗೂ. ಯಂತ್ರ ಬೇಲಿ ಎಲ್ಲಿದೆ ಎಂದು ಸೆಂಟಿಮೀಟರ್ ಲೆಕ್ಕದಲ್ಲಿ ಹೇಳಬಲ್ಲದು. ಆ ಬೇಲಿ ಯಾಕೆ ಅಲ್ಲಿದೆ ಎಂಬುದು ಅದಕ್ಕೆ ಗೊತ್ತಿಲ್ಲ. ಬಾವಿ ಇಬ್ಬರಿಗೂ ಸೇರಿದ್ದು ಎಂದು ಹೇಳುವವರು ಅಲ್ಲಿ ನಿಂತಿರದಿದ್ದರೆ ಬಾವಿ ಒಬ್ಬರ ಪಾಲಿಗೆ ಹೋಗಿರುತ್ತದೆ. ಕುಮ್ಕಿಯ ಗುಡ್ಡೆಯಿಂದ ತಲೆತಲಾಂತರ ಸೊಪ್ಪು ತಂದಿದ್ದೇವೆ ಎಂಬ ಮಾತ್ರಕ್ಕೆ ಅದು ನಮ್ಮ ಖಾತೆಗೆ ಸೇರುವುದೂ ಇಲ್ಲ. ಅದು ಸರಕಾರಿ ಜಾಗದಲ್ಲಿ ವರ್ಗದಾರನಿಗೆ ಇದ್ದ ಸೌಕರ್ಯ. ಅಳತೆಯಾಗಿ ನಕ್ಷೆ ಬಂದ ಕೂಡಲೇ ಒಡೆತನ ಬಂದಂತಲ್ಲ ಎಂಬುದನ್ನು ಎಲ್ಲರೂ ತಿಳಿದಿರಬೇಕು.

ನೆಲಕ್ಕಿಂತ ದೊಡ್ಡ ತೊಂದರೆ ಹೆಸರಿನದ್ದು. ನಮ್ಮ ಕುಟುಂಬಗಳಲ್ಲಿ ಇದು ಎಷ್ಟು ಸಾಮಾನ್ಯ ಎಂದು ಯಾರಿಗೂ ಹೇಳಬೇಕಾಗಿಲ್ಲ. ಡಿಸೋಜ ಎಂಬ ಒಂದು ಉಪನಾಮವನ್ನೇ ತೆಗೆದುಕೊಳ್ಳಿ. ಹಳೆಯ ದಸ್ತಾವೇಜಿನಲ್ಲಿ ಕನ್ನಡದಲ್ಲಿ 'ಸೋಜ'. ಪಟ್ಟಯದಲ್ಲಿ ಮಲಯಾಳದ 'ಡಿಸೂಸ'. ಆಧಾರ್ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಡಿ ಅಕ್ಷರದ ಮೇಲೆ ಒಂದು ಚಿಕ್ಕ ಗೆರೆ, ಬ್ಯಾಂಕಿನಲ್ಲಿ ಆ ಗೆರೆ ಇಲ್ಲ, ಗಲ್ಫಿಗೆ ಹೋದ ಮಗನ ಪಾಸ್‌ಪೋರ್ಟಿನಲ್ಲಿ ಡಿ ಬೇರೆ, ಸೋಜ ಬೇರೆ. ಕ್ರಾಸ್ತಾ, ಮೊಂತೇರೊ, ರೊಡ್ರಿಗಸ್ ಮನೆತನದವರ ಪಾಡೂ ಇದೇ. ಹಿಂದೆ ವಿಲ್ಲೇಜ್ ಆಫೀಸರರು ಮುಖ ನೋಡಿ "ಇವರೇ ಅವರು" ಎಂದು ಮುಂದೆ ಹೋಗುತ್ತಿದ್ದರು. ಕಂಪ್ಯೂಟರಿಗೆ ಮುಖದ ಪರಿಚಯವಿಲ್ಲ. ಅದರ ಪಾಲಿಗೆ ಈ ನಾಲ್ಕು ಡಿಸೋಜರು ನಾಲ್ಕು ಜನ. ದೀಕ್ಷಾಸ್ನಾನದ ದಾಖಲೆಯಲ್ಲಿ ಪೂರ್ತಿ ಹೆಸರು ಸರಿಯಾಗಿದ್ದರೂ ಊರಲ್ಲಿ ಕರೆಯುವ ಗಿಡ್ಡ ಹೆಸರೇ ಪಟ್ಟಯದಲ್ಲಿ ಬರೆದುಹೋದ ಅಜ್ಜಂದಿರೂ ಇದ್ದಾರೆ.

ಹೆಸರು ಹೊಂದದಿದ್ದರೆ ಆಗುವುದೇನು? 2019ರಲ್ಲಿ ಆರಂಭವಾದ ಪಿ.ಎಂ. ಕಿಸಾನ್ ಯೋಜನೆಯಲ್ಲಿ ವರ್ಷಕ್ಕೆ ಮೂರು ಕಂತುಗಳಲ್ಲಿ 6,000 ರೂಪಾಯಿ ಬರುತ್ತದೆ. ಅದಕ್ಕೆ ಜಾಗದ ದಾಖಲೆ, ಆಧಾರ್, ಬ್ಯಾಂಕ್ ಖಾತೆ ಮೂರೂ ಜೋಡಣೆಯಾಗಬೇಕು. ತಂದೆ ತೀರಿಹೋಗಿ ಜಾಗ ಇನ್ನೂ ಅವರ ಹೆಸರಿನಲ್ಲೇ ಇದ್ದರೆ, ತೋಟದಲ್ಲಿ ದಿನವಿಡೀ ದುಡಿಯುವ ಮಗನೋ ಮಗಳೋ ಸರಕಾರದ ಲೆಕ್ಕದಲ್ಲಿ ರೈತರೇ ಅಲ್ಲ. ಬೆಳೆ ನಾಶಕ್ಕೆ ಪರಿಹಾರ ಕೇಳುವಾಗಲೂ ಇದೇ ಗಂಟು. ಆರೋಗ್ಯದ ಕಾರ್ಡಿನ ಸಂಗತಿ ಇನ್ನೂ ಗಂಭೀರ. ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಕೊಡುವ ಕಾರುಣ್ಯ ಆರೋಗ್ಯ ಸುರಕ್ಷಾ ಯೋಜನೆಯ ಫಲಾನುಭವಿಯ ಹೆಸರು ಆಧಾರಿನೊಂದಿಗೆ ಹೊಂದುವುದಿಲ್ಲ ಎಂದು ತಿಳಿಯುವ ಜಾಗ ಆಸ್ಪತ್ರೆಯ ಕೌಂಟರ್ ಆಗಬಾರದು.

ಪಟ್ಟಿಯಲ್ಲಿ ಹೆಸರು ಇರುವುದು ಎಂದರೇನು ಎಂಬುದನ್ನು ಈ ಜಿಲ್ಲೆಯವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಸರಕಾರಿ ಗೇರು ತೋಟಗಳ ಮೇಲೆ ಎರಡು ದಶಕಗಳಿಗೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆ ಕಡೆಯ ಮಕ್ಕಳ ಕಾಯಿಲೆಗಳನ್ನು ಮೊದಮೊದಲು ಗಮನಿಸಿ ಬರೆದಿಟ್ಟವರು ವಾಣೀನಗರದ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್. ಪತ್ರಕರ್ತ ಶ್ರೀ ಪಡ್ರೆ ಅದನ್ನು ಹೊರಲೋಕಕ್ಕೆ ತಿಳಿಸಿದರು. ಆಗ ಕಂಪ್ಯೂಟರ್ ಇರಲಿಲ್ಲ, ಬರೆದಿಡುವ ಮನಸ್ಸಿತ್ತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಕೊಡುವಾಗ ನೋಡಿದ್ದು ಪಟ್ಟಿಯನ್ನು. ಪಟ್ಟಿಯ ಹೊರಗೆ ಉಳಿದ ಮಗುವಿನ ಕಾಯಿಲೆಯೂ ಕಾಯಿಲೆಯೇ ಆದರೂ ಅದರ ತಾಯಿ ಮತ್ತೆ ಮೊದಲಿನಿಂದ ಅರ್ಜಿ ಹಿಡಿದು ನಿಲ್ಲಬೇಕಾಯಿತು.

ಇನ್ನು ಭಾಷೆಯ ಮಾತು. ಎಪ್ಪತ್ತು ವರ್ಷದಿಂದ ಕೇರಳದಲ್ಲಿದ್ದೀರಿ, ಮಲಯಾಳ ಕಲಿಯಬಾರದೇ ಎಂದು ಕೇಳುವವರಿದ್ದಾರೆ. ನಮ್ಮ ಮಕ್ಕಳು ಕಲಿತಿದ್ದಾರೆ, ಕಲಿಯಬೇಕು ಕೂಡ. ಇಲ್ಲಿ ಪ್ರಶ್ನೆ ಅದಲ್ಲ. ಮನೆಯಲ್ಲಿ ಕೊಂಕಣಿ, ತೋಟದಲ್ಲಿ ತುಳು, ಶಾಲೆಯಲ್ಲಿ ಕನ್ನಡ ಹೀಗೆ ಬೆಳೆದ ಎಪ್ಪತ್ತೈದರ ವಿಧವೆಯ ಮುಂದೆ ಗಡಿ ಒಪ್ಪಿಗೆಯ ಹೇಳಿಕೆ ಇಟ್ಟು ಸಹಿ ಕೇಳುತ್ತಾರೆ. ಓದಲು ಬಾರದ ಕಾಗದಕ್ಕೆ ಹಾಕಿದ ಸಹಿಯನ್ನು ಒಪ್ಪಿಗೆ ಎನ್ನಬಹುದೇ? ಕಾಗದದ ಕಾಲದಲ್ಲಿ ಎರಡು ಭಾಷೆಯ ಫಾರಂ ಮುದ್ರಿಸಲು ಖರ್ಚಿದೆ, ಕನ್ನಡ ಟೈಪಿಸ್ಟ್ ಇಲ್ಲ ಎಂಬ ನೆವ ಇತ್ತು. ಇಂದು ಆ ನೆವಕ್ಕೂ ಎಡೆಯಿಲ್ಲ. ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಯೂನಿಕೋಡ್ ಅಕ್ಷರ ಪಟ್ಟಿಯಲ್ಲಿ ಕನ್ನಡವೂ ಮಲಯಾಳವೂ 1991ರಿಂದಲೇ ಇವೆ. ಕೇಂದ್ರ ಸರಕಾರ 2022ರಲ್ಲಿ ಭಾರತೀಯ ಭಾಷೆಗಳ ಅನುವಾದಕ್ಕಾಗಿಯೇ 'ಭಾಷಿಣಿ' ಎಂಬ ವ್ಯವಸ್ಥೆ ತಂದಿದೆ. ಮಂಜೇಶ್ವರದ ರೈತನ ಖಾತೆಯನ್ನು ಎರಡು ಲಿಪಿಗಳಲ್ಲಿ ತೋರಿಸಲು ಇಂದು ಬೇಕಾದದ್ದು ಹಣಕ್ಕಿಂತ ಹೆಚ್ಚಾಗಿ ಒಂದು ಆದೇಶ. ಹೆಸರುಗಳನ್ನು ಮಾತ್ರ ಯಂತ್ರದ ಅನುವಾದಕ್ಕೆ ಬಿಡಬಾರದು. ಕುಂಬಳೆಯನ್ನು ಕುಂಬಳ ಮಾಡುವ ಕೆಲಸಕ್ಕೆ ಯಂತ್ರ ಬೇರೆ ಬೇಕೇ!

ನನ್ನ ಅಭಿಪ್ರಾಯದಲ್ಲಿ ಸರಕಾರ ಎಡವುತ್ತಿರುವುದು ಯಂತ್ರದಲ್ಲಿ ಅಲ್ಲ, ಯಂತ್ರದ ಪಕ್ಕದಲ್ಲಿ ಕುಳಿತುಕೊಳ್ಳುವ ಮನುಷ್ಯನ ವಿಷಯದಲ್ಲಿ. 2002ರ ನವೆಂಬರಿನಲ್ಲಿ ಅಂದಿನ ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅಕ್ಷಯ ಯೋಜನೆಯನ್ನು ಉದ್ಘಾಟಿಸಿದಾಗ ಅದರ ಗುರಿ ಮನೆಗೊಬ್ಬರಿಗೆ ಕಂಪ್ಯೂಟರ್ ಕಲಿಸುವುದಾಗಿತ್ತು. ಕ್ರಮೇಣ ಅಕ್ಷಯ ಕೇಂದ್ರಗಳೇ ಸರಕಾರದ ಕಿಟಕಿಯಾದವು. ಅದನ್ನು ನಡೆಸುವವರು ಸರಕಾರಿ ನೌಕರರಲ್ಲ, ಒಂದೊಂದು ಸೇವೆಗೆ ಇಂತಿಷ್ಟು ಎಂಬ ದರದಲ್ಲಿ ಬದುಕುವವರು. ಅರ್ಜಿ ಹಾಕಿದರೆ ದರ ಇದೆ. ಅಜ್ಜಿಯ ಹಳೆಯ ಕನ್ನಡ ದಸ್ತಾವೇಜನ್ನು ಹಿಡಿದು ಅರ್ಧ ಗಂಟೆ ಓದಿ, ಪರದೆಯ ಮೇಲಿನ ಸರ್ವೆ ನಂಬರಿನೊಡನೆ ತಾಳೆ ನೋಡಲು ದರ ಇಲ್ಲ. ಹಿಂದೆ ಸಾಲು, ಮುಂದೆ ಕೈಕೊಡುವ ಇಂಟರ್‌ನೆಟ್. ಅವರನ್ನು ದೂರಿ ಪ್ರಯೋಜನವಿಲ್ಲ. ಸರ್ವೆ ನಡೆಯುವ ಗ್ರಾಮದಲ್ಲಿ ಆರು ತಿಂಗಳಾದರೂ ಕನ್ನಡ ಬಲ್ಲ ಒಬ್ಬ ಸಹಾಯಕನನ್ನು ಸಂಬಳ ಕೊಟ್ಟು ಕೂರಿಸಲಿ. ಯಂತ್ರ ಉಳಿಸಿದ ಸಮಯ, ಹಣವನ್ನು ಇದಕ್ಕೆ ಖರ್ಚು ಮಾಡದೆ ಇನ್ನು ಯಾವುದಕ್ಕೆ ಮಾಡುವುದು?

2025ರ ಆಗಸ್ಟ್ 21ರಂದು ಕೇರಳವನ್ನು ಸಂಪೂರ್ಣ ಡಿಜಿಟಲ್ ಸಾಕ್ಷರ ರಾಜ್ಯವೆಂದು ಘೋಷಿಸಲಾಯಿತು. ಸ್ವಯಂಸೇವಕರು ಮನೆಮನೆಗೆ ಹೋಗಿ 21 ಲಕ್ಷಕ್ಕೂ ಹೆಚ್ಚು ಜನರಿಗೆ ಮೊಬೈಲಿನ ಬಳಕೆ ಕಲಿಸಿದರು. ಮೆಚ್ಚಬೇಕಾದ ಕೆಲಸವೇ ಸರಿ. ಆದರೆ ಕುವೈಟಿನಲ್ಲಿರುವ ಮಗನ ಮುಖವನ್ನು ಮೊಬೈಲಿನಲ್ಲಿ ನೋಡಲು ಕಲಿತ ತಾಯಿಗೆ ತನ್ನ ಜಾಗದ ನಕ್ಷೆಯಲ್ಲಿ ಹೋದ ಎರಡು ಸೆಂಟ್ಸ್ ಕಾಣುತ್ತದೆ ಎಂದು ತಿಳಿಯಬಾರದು.

ಸರಕಾರ ಮಾಡಬೇಕಾದ್ದು ಅದು. ನಾವು ಮಾಡಿಕೊಳ್ಳಬೇಕಾದ್ದನ್ನೂ ಹೇಳುತ್ತೇನೆ. ನಿಮ್ಮ ಗ್ರಾಮದಲ್ಲಿ ಸರ್ವೆ ಬಾಕಿಯಿದ್ದರೆ ವಾರ್ಡಿನಲ್ಲಿ ಕರೆಯುವ ಸರ್ವೆ ಸಭೆಗೆ ಹೋಗಿ. ಅಳತೆಯ ದಿನ ಹೊರಗಿನ ಕೆಲಸ ಇಟ್ಟುಕೊಳ್ಳಬೇಡಿ, ನೆರೆಮನೆಯವರನ್ನೂ ಕರೆದುಕೊಂಡು ಗಡಿಯಲ್ಲಿ ನಿಲ್ಲಿ. ಅವರೊಡನೆ ತಕರಾರಿದ್ದರೆ ಸರ್ವೆಯವರು ಬರುವ ಮೊದಲೇ ಕುಳಿತು ಮಾತಾಡುವುದು ವಕೀಲರ ಮನೆಗೆ ಹೋಗುವುದಕ್ಕಿಂತ ಅಗ್ಗ. ಮಕ್ಕಳೆಲ್ಲ ಪರವೂರಿನಲ್ಲಿದ್ದು ಮುದುಕರಿಬ್ಬರೇ ಇರುವ ಮನೆಗಳಿಗೆ ಗುರಿಕಾರರು ಯಾರನ್ನಾದರೂ ಜೊತೆಗೆ ಕಳುಹಿಸಲಿ.

ಅಳತೆ ಮುಗಿದ ಮೇಲೆ 1961ರ ಸರ್ವೆ ಮತ್ತು ಗಡಿ ಕಾಯಿದೆಯ 9(2)ನೆಯ ಕಲಮಿನಂತೆ ಕರಡನ್ನು ಪ್ರಕಟಿಸುತ್ತಾರೆ. ಮುಖ್ಯವಾದದ್ದು ಇದು. ನೋಟೀಸಿನಲ್ಲಿ ಕೊಟ್ಟ ಅವಧಿಯೊಳಗೆ ಹೋಗಿ ನೋಡಿ ಆಕ್ಷೇಪ ಇದ್ದರೆ ಬರೆದು ಕೊಡಬೇಕು. 13ನೆಯ ಕಲಮಿನ ಅಂತಿಮ ಪ್ರಕಟಣೆ ಹೊರಟ ಮೇಲೆ ಅದೇ ತಪ್ಪನ್ನು ತಿದ್ದಿಸಲು ಬಹಳ ಅಲೆಯಬೇಕಾದೀತು. ಲೆಕ್ಕ ಸೆಂಟ್ಸಿನಲ್ಲಿ ಇರುವುದಿಲ್ಲ, ಗಾಬರಿಯಾಗಬೇಡಿ. ಒಂದು ಸೆಂಟ್ಸ್ ಎಂದರೆ 40.47 ಚದರ ಮೀಟರ್. ನಿಮ್ಮ ಕಾಗದದಲ್ಲಿ 50 ಸೆಂಟ್ಸ್ ಇದ್ದರೆ ಅಲ್ಲಿ 20 ಆರ್ 23 ಚದರ ಮೀಟರ್ ಆಸುಪಾಸು ಕಾಣಬೇಕು. ತುಂಬ ಕಡಿಮೆ ಕಂಡರೆ ಕೇಳಿ. ಆಕ್ಷೇಪವನ್ನು ಕನ್ನಡದಲ್ಲೇ ಬರೆಯಬಹುದು. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ. ಕೊಟ್ಟದ್ದಕ್ಕೆ ರಶೀದಿ ಪಡೆಯಲು ಮಾತ್ರ ಮರೆಯಬೇಡಿ.

ತಂದೆಯ ಹೆಸರಿನಲ್ಲೇ ಉಳಿದಿರುವ ಜಾಗದವರು ಸರ್ವೆಗೆ ಕಾಯಬೇಕಾಗಿಲ್ಲ. ಮರಣ ಪತ್ರ, ವಾರಸುದಾರರ ಪತ್ರಗಳ ಕೆಲಸವನ್ನು ಈಗಲೇ ತೊಡಗಿರಿ. ನಾಲ್ಕು ಕಡೆ ನಾಲ್ಕು ಬಗೆಯ ಹೆಸರಿರುವವರು ಯಾವುದಾದರೂ ಒಂದನ್ನು ಆರಿಸಿ, ಉಳಿದವನ್ನು ಒಂದೊಂದಾಗಿ ಅದಕ್ಕೆ ಹೊಂದಿಸಿಕೊಳ್ಳುತ್ತ ಬನ್ನಿ. ಆಧಾರ್ ಮತ್ತು ಬ್ಯಾಂಕಿನಿಂದ ಆರಂಭಿಸಿದರೆ ಸುಲಭ.

ನಮ್ಮ ಯುವಜನರಲ್ಲಿ ಮಲಯಾಳ, ಕನ್ನಡ, ಇಂಗ್ಲಿಷ್ ಮೂರೂ ಓದಬಲ್ಲವರು, ಮೊಬೈಲಿನಲ್ಲಿ ಎಲ್ಲವನ್ನೂ ತೆರೆಯಬಲ್ಲವರು ಬೇಕಾದಷ್ಟು ಇದ್ದಾರೆ. ತಿಂಗಳಿಗೆ ಒಂದು ಭಾನುವಾರ ಪೂಜೆ ಮುಗಿದ ಮೇಲೆ ಸಭಾಭವನದಲ್ಲಿ ಒಂದು ಮೇಜು ಹಾಕಿ ಇಬ್ಬರು ಕುಳಿತರೆ ಹಿರಿಯರ ಕಾಗದಗಳನ್ನು ತಾಳೆ ನೋಡಿ ಕೊಡಬಹುದು. ಹಾಗೆ ಏರ್ಪಾಡಾದರೆ ಬರುವವರಿಗೆ ಒಂದು ಕಿವಿಮಾತು: ಪಟ್ಟಯ, ದಸ್ತಾವೇಜುಗಳ ಮೂಲ ಪ್ರತಿ ಪೆಟ್ಟಿಗೆಯಲ್ಲೇ ಇರಲಿ, ಜೆರಾಕ್ಸ್ ತನ್ನಿ. ಕಳೆದ ವರ್ಷದ ತೆರಿಗೆ ರಶೀದಿಯನ್ನೂ ತನ್ನಿ, ತಂಡಪ್ಪೇರು ನಂಬರು ಅದರಲ್ಲಿರುತ್ತದೆ.